ಅಂತರ್‌ಜನಾಂಗೀಯ ಪ್ರೇಮದ ಸಿನಿಮಾ: ವಿದ್ಯಾರ್ಥಿಗಳಿಗೆ ಯಾವುದನ್ನು ತೋರಿಸಬೇಕು?

ಪ್ರಶ್ನೆ (ಕುವೆಂಪುನಗರದ ಅಧ್ಯಾಪಕ)

ಮೈಸೂರಿನ ಪದವಿ ಕಾಲೇಜೊಂದರಲ್ಲಿ ಸಿನಿಮಾ ಸಂಘದ ಹೊಣೆ ನನ್ನದು. ಬೇರೆ ಬೇರೆ ಜನಾಂಗದವರ ನಡುವಿನ ಪ್ರೇಮವನ್ನು ಸಿನಿಮಾ ಹೇಗೆ ಚಿತ್ರಿಸಿದೆ ಎಂಬ ವಿಷಯದ ಮೇಲೆ ಒಂದು ಚಿತ್ರ ತೋರಿಸಿ ಚರ್ಚೆ ನಡೆಸಬೇಕೆಂದಿದ್ದೇನೆ. ಕೇಳಿದವರೆಲ್ಲ ಮೊದಲು ಹೇಳುವುದು ಸ್ಟ್ಯಾನ್ಲಿ ಕ್ರಾಮರ್ ಅವರ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’; ಬಿಳಿಯ ಹುಡುಗಿಯೊಬ್ಬಳು ತಾನು ಮದುವೆಯಾಗಲಿರುವ ಕರಿಯ ಹುಡುಗನನ್ನು ತಂದೆತಾಯಿಯ ಮನೆಗೆ ಕರೆತರುವ ಕಥೆ. ಇಂಥ ಮದುವೆಗಳ ಮೇಲೆ ಅಮೆರಿಕದ 16 ರಾಜ್ಯಗಳಲ್ಲಿ ಇನ್ನೂ ಉಳಿದಿದ್ದ ನಿಷೇಧವನ್ನು ಲವಿಂಗ್ ಎಂಬ ಹೆಸರಿನ ದಂಪತಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರದ್ದುಪಡಿಸಿದ್ದು 1967ರ ಜೂನ್‌ನಲ್ಲಿ. ಚಿತ್ರ ತೆರೆಕಂಡದ್ದು ಅದೇ ಡಿಸೆಂಬರ್‌ನಲ್ಲಿ. ಅದರ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪ್ರೇಮಿಗಳಿಬ್ಬರೂ ತಮ್ಮದೇ ಕಥೆಯಲ್ಲಿ ಅತಿಥಿಗಳಂತೆ ಕಾಣುತ್ತಾರೆ. ಬಲ್ಲವರು ಸಲಹೆ ನೀಡಬೇಕು.

ಉತ್ತರ 1 (ಸರಸ್ವತಿಪುರಂ ಓದುಗ)

ಸರ್, ನಿಮಗೆ ಹಾಗೆ ಅನ್ನಿಸುವುದಕ್ಕೆ ಕಾರಣ ಚಿತ್ರದೊಳಗೇ ಇದೆ. ಹಾಲಿವುಡ್ಡಿನ ನಿರ್ಮಾಪಕರು 1930ರಲ್ಲಿ ಒಪ್ಪಿಕೊಂಡು, 1934ರಿಂದ ಕಟ್ಟುನಿಟ್ಟಾಗಿ ಪಾಲಿಸಿದ ಹೇಸ್ ಸಂಹಿತೆ ಎಂಬ ನಿಯಮಾವಳಿಯು ಬಿಳಿಯರ ಮತ್ತು ಕರಿಯರ ನಡುವಿನ ದೈಹಿಕ ಸಂಬಂಧವನ್ನು ತೆರೆಯ ಮೇಲೆ ತೋರಿಸುವುದನ್ನೇ ನಿಷೇಧಿಸಿತ್ತು. ಬಿಳಿಯರ ಮತ್ತು ಏಷ್ಯಾ ಮೂಲದವರ ಜೋಡಿಗೂ ಅದನ್ನು ಅನ್ವಯಿಸುತ್ತಿದ್ದುದರಿಂದ ಅದರ ಪೆಟ್ಟು ಕಲಾವಿದರ ಮೇಲೂ ಬಿತ್ತು: 1937ರ ‘ದಿ ಗುಡ್ ಅರ್ತ್’ ಚಿತ್ರದಲ್ಲಿ ಚೀನೀ ರೈತನ ಪಾತ್ರ ಬಿಳಿಯ ನಟ ಪಾಲ್ ಮುನಿಗೆ ಹೋದ ಮೇಲೆ, ಅವನ ಹೆಂಡತಿಯ ಪಾತ್ರವೂ ಚೀನೀ ಮೂಲದ ಆನಾ ಮೇ ವಾಂಗ್‌ಗೆ ಸಿಗದೆ ಬಿಳಿಯ ನಟಿ ಲೂಯಿಸ್ ರೈನರ್ ಪಾಲಾಯಿತು.

ಕ್ರಾಮರ್ ಚಿತ್ರ ಬರುವ ಹೊತ್ತಿಗೆ ಆ ಬಿಗಿ ಸಡಿಲಗೊಂಡಿದ್ದರೂ ಅಳುಕು ಹೋಗಿರಲಿಲ್ಲ. ಸಿಡ್ನಿ ಪಾಯ್ಟಿಯೆ ಮತ್ತು ಕ್ಯಾಥರೀನ್ ಹೌಟನ್ ಅವರ ಚುಂಬನ ಟ್ಯಾಕ್ಸಿಯ ಹಿಂಬದಿ ನೋಡುವ ಕನ್ನಡಿಯಲ್ಲಷ್ಟೇ ಕಾಣುತ್ತದೆ. ಅಂದರೆ ಅದನ್ನು ನಾವು ಚಾಲಕನ ಕಣ್ಣಿನಿಂದ ನೋಡುತ್ತೇವೆ. ಹುಡುಗ ಜಗತ್ತೇ ಗೌರವಿಸುವ ವೈದ್ಯ, ಅವನಲ್ಲಿ ಒಂದು ಕುಂದೂ ಇಲ್ಲ. ಇಷ್ಟಾದರೂ ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ಮದುವೆ ಆಗುವುದಿಲ್ಲವೆಂದು ಹುಡುಗಿಗೆ ತಿಳಿಯದಂತೆ ಅವಳ ತಂದೆತಾಯಿಗೆ ಮಾತು ಕೊಡುತ್ತಾನೆ. ಕೊನೆಯಲ್ಲಿ ಸ್ಪೆನ್ಸರ್ ಟ್ರೇಸಿಯ ತಂದೆಯ ಪಾತ್ರ ದೀರ್ಘವಾಗಿ ಮಾತನಾಡುತ್ತದೆ, ಮದುವೆಯಾಗಬೇಕಾದವರು ಕುಳಿತು ಕೇಳಿಸಿಕೊಳ್ಳುತ್ತಾರೆ. ಪ್ರೇಮಕ್ಕೆ ಅನುಮತಿ ಕೊಡುವ ಅಧಿಕಾರ ಬಿಳಿಯ ಯಜಮಾನನದೇ ಎಂಬುದನ್ನು ಆ ಚಿತ್ರ ಪ್ರಶ್ನಿಸುವುದೇ ಇಲ್ಲ.

ಉತ್ತರ 2 (ಗೋಕುಲಂ ನಿವಾಸಿ)

ಮೀರಾ ನಾಯರ್ ಅವರ ‘ಮಿಸಿಸಿಪಿ ಮಸಾಲಾ’ (1991) ತೋರಿಸಿ ಎಂದು ಬಲವಾಗಿ ಕೇಳಿಕೊಳ್ಳುತ್ತೇನೆ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದಿಂದ ಹೊರಹಾಕಿದ ಭಾರತೀಯ ಕುಟುಂಬವೊಂದರ ಮಗಳು ಮೀನಾ, ಅಮೆರಿಕದ ಗ್ರೀನ್‌ವುಡ್‌ನಲ್ಲಿ ಕಾರ್ಪೆಟ್ ಶುಚಿಗೊಳಿಸುವ ಕರಿಯ ಯುವಕ ಡಿಮಿಟ್ರಿಯಸ್‌ನನ್ನು ಪ್ರೀತಿಸುತ್ತಾಳೆ. ಅವನ ಗಾಡಿಗೆ ಅವಳ ಕಾರು ತಾಗಿದಾಗ, ಮೊಕದ್ದಮೆಯ ಭಯಕ್ಕೆ ಮೋಟೆಲ್ ನಡೆಸುವ ನಮ್ಮವರು ‘ಬಿಳಿಯರಲ್ಲದವರೆಲ್ಲ ಒಂದೇ’ ಎನ್ನುವ ಧಾಟಿಯಲ್ಲಿ ಅವನನ್ನು ಓಲೈಸುತ್ತಾರೆ; ಪ್ರೇಮದ ವಿಷಯ ಬಯಲಾದ ಕೂಡಲೇ ಆ ಒಗ್ಗಟ್ಟು ಮಾಯವಾಗುತ್ತದೆ. ನಮ್ಮ ಬಡಾವಣೆಗೆ ಯೋಗ ಕಲಿಯಲು ಬರುವ ಬಿಳಿಯರೊಡನೆ ಸ್ಥಳೀಯರೊಬ್ಬರು ಕೈಹಿಡಿದು ನಡೆದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಓದುವ ಆಫ್ರಿಕಾದ ಹುಡುಗನೊಡನೆ ನಮ್ಮ ಹುಡುಗಿ ಕಾಫಿಗೆ ಕುಳಿತರೆ ಅಕ್ಕಪಕ್ಕದ ಮೇಜುಗಳಲ್ಲಿ ಮಾತು ನಿಲ್ಲುವುದನ್ನು ಕಂಡಿದ್ದೇನೆ, ಕಂಡು ನೊಂದಿದ್ದೇನೆ. ಈ ಚಿತ್ರ ನೇರವಾಗಿ ನಮ್ಮನ್ನೇ ಉದ್ದೇಶಿಸಿದೆ.

ಉತ್ತರ 3 (ಮಂಡ್ಯದ ಪ್ರೇಕ್ಷಕಿ)

ಗೋಕುಲಂನವರ ಮಾತು ಸರಿ. ಭಾರತೀಯ ಚಿತ್ರಗಳಲ್ಲಿ ಹೊರಗಿನ ಪ್ರೇಮಿ ಬಹುಮಟ್ಟಿಗೆ ಬಿಳಿಯ ಹೆಣ್ಣೇ ಆಗಿರುತ್ತಾಳೆ. ‘ಲಗಾನ್’ (2001) ಚಿತ್ರದ ಎಲಿಜಬೆತ್ ತನ್ನ ಪ್ರೀತಿ ಕೈಗೂಡದೆ ಊರಿಗೆ ಮರಳುತ್ತಾಳೆ. ಆದರೂ ಹಳೆಯ ಚಿತ್ರವನ್ನು ಪೂರ್ತಿ ಬಿಡಬೇಡಿ ಸರ್. ಮೊದಲು ಟ್ಯಾಕ್ಸಿಯ ದೃಶ್ಯ ಮತ್ತು ತಂದೆಯ ಕೊನೆಯ ಮಾತು ಇವೆರಡನ್ನೇ ತೋರಿಸಿ, ಆಮೇಲೆ ಮೀರಾ ನಾಯರ್ ಚಿತ್ರವನ್ನು ಇಡಿಯಾಗಿ ಹಾಕಿ. ಅಲ್ಲಿ ಮೀನಾ ಯಾರ ಒಪ್ಪಿಗೆಗೂ ಕಾಯದೆ ಊರು ಬಿಟ್ಟು ಹೊರಡುತ್ತಾಳೆ. ಜಾತಿ ಮೀರಿದ ಮದುವೆಯ ಮಾತು ಮನೆಯಲ್ಲಿ ಎದ್ದಾಗ ಏನಾಗುತ್ತದೆಂಬುದನ್ನು ಕಂಡಿರುವ ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಎರಡು ಬಗೆಯ ಅಂತ್ಯಗಳ ನಡುವಿನ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಚರ್ಚೆಗೆ ಹೊರಗಿನವರಿಗೂ ಪ್ರವೇಶವಿದ್ದರೆ ದಯವಿಟ್ಟು ದಿನಾಂಕ ತಿಳಿಸಿ.