ಪಿಂಗ್ ಸರಿಯಾಗಿ ಬರುತ್ತಿದೆ, ಆದರೆ ಕೆಲವು ಜಾಲತಾಣಗಳು ಮಾತ್ರ ತೆರೆಯುತ್ತಿಲ್ಲ: ದೋಷ ಎಲ್ಲಿರಬಹುದು?

ಪ್ರಶ್ನೆ: ತಂತಿಜಾಲ

ನಮ್ಮ ಕಚೇರಿಯ ಹಳೆಯ ರೌಟರ್ ಕೆಟ್ಟಿದ್ದರಿಂದ ಹೊಸದೊಂದನ್ನು ಅಳವಡಿಸಿದ್ದೇವೆ. ಸಂಪರ್ಕ ಪಿಪಿಪಿಒಇ ವಿಧಾನದ್ದು, ಅಂದರೆ ರೌಟರ್ ಲಾಗಿನ್ ಆದ ಮೇಲೆ ಈಥರ್ನೆಟ್ ತಂತಿಯ ಮೇಲೆ ನಡೆಯುವಂಥದ್ದು. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟ ತಕ್ಷಣ ರೌಟರಿಗೆ ಹೊರಗಿನ ಐಪಿ ವಿಳಾಸ ಸಿಗುತ್ತದೆ, ವೇಗದ ಪರೀಕ್ಷೆಯಲ್ಲೂ ಕೊರತೆ ಕಾಣುವುದಿಲ್ಲ. ಆದರೂ ಅಂದಿನಿಂದ ಕೆಲವು ಜಾಲತಾಣಗಳು ತೆರೆಯುತ್ತಿಲ್ಲ. ಬ್ರೌಸರಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ, ಕೊನೆಗೆ ಸಮಯ ಮೀರಿತೆಂಬ ಸಂದೇಶ ಬರುತ್ತದೆ. ವಿಚಿತ್ರವೆಂದರೆ ದೊಡ್ಡ ದೊಡ್ಡ ತಾಣಗಳು ಎಂದಿನಂತೆ ತೆರೆಯುತ್ತವೆ. ತೊಂದರೆ ಕೊಡುವುದು ಹೆಚ್ಚಾಗಿ ಸಣ್ಣ ಸಂಸ್ಥೆಗಳ ತಾಣಗಳು.

ಈವರೆಗೆ ನೋಡಿರುವುದು ಇಷ್ಟು. ತೆರೆಯದ ತಾಣಗಳಿಗೂ ಪಿಂಗ್, ಅಂದರೆ ದೂರದ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಚಿಕ್ಕ ಸಂದೇಶ, ಒಂದೂ ತಪ್ಪದೆ ಮರಳುತ್ತದೆ. ಹೆಸರಿನಿಂದ ಐಪಿ ವಿಳಾಸವೂ ಸರಿಯಾಗಿ ಸಿಗುತ್ತದೆ. ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್ಎಸ್ ಸರ್ವರ್ ಬದಲಿಸಿ ನೋಡಿದರೂ ವ್ಯತ್ಯಾಸವಾಗಲಿಲ್ಲ. ಹೊರಗಿರುವ ನಮ್ಮದೊಂದು ಸರ್ವರಿಗೆ ಎಸ್ಎಸ್ಎಚ್ (ದೂರದ ಯಂತ್ರಕ್ಕೆ ಆದೇಶ ಕೊಡುವ ಸುರಕ್ಷಿತ ವಿಧಾನ) ಮೂಲಕ ಲಾಗಿನ್ ಆಗಲು ಅಡ್ಡಿಯಿಲ್ಲ, ಚಿಕ್ಕ ಆದೇಶಗಳಿಗೆ ಉತ್ತರ ಬರುತ್ತದೆ, ಆದರೆ ಉದ್ದದ ಕಡತವೊಂದನ್ನು ಪರದೆಗೆ ತರಿಸಿದೊಡನೆ ಟರ್ಮಿನಲ್ ಹೆಪ್ಪುಗಟ್ಟುತ್ತದೆ. ಅದೇ ಸರ್ವರಿಗೆ ಇಲ್ಲಿಂದ ದೊಡ್ಡ ಕಡತ ಕಳುಹಿಸಿದರೆ ಹೋಗುತ್ತದೆ. ಅದೇ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿದರೆ ಎಲ್ಲವೂ ಸರಾಗ. ಸೇವೆ ಒದಗಿಸುವವರು ತಮ್ಮ ಕಡೆ ಲೈನ್ ಸರಿಯಿದೆ ಎಂದು ಹೇಳಿ ದೂರನ್ನು ಮುಚ್ಚಿಬಿಟ್ಟಿದ್ದಾರೆ. ಇನ್ನು ಯಾವ ದಿಕ್ಕಿನಲ್ಲಿ ಹುಡುಕಬೇಕು?

ಉತ್ತರ: ಪದರಶೋಧಕ

ನಿಮ್ಮ ವಿವರಣೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾಹಿತಿ ಎಸ್ಎಸ್ಎಚ್ ಕುರಿತ ಆ ಎರಡು ವಾಕ್ಯಗಳಲ್ಲಿದೆ. ಚಿಕ್ಕ ಉತ್ತರ ಬರುತ್ತದೆ, ಉದ್ದನೆಯದು ಬರುವುದಿಲ್ಲ. ಹೊರಕ್ಕೆ ದೊಡ್ಡದು ಹೋಗುತ್ತದೆ, ಒಳಕ್ಕೆ ಬರುವುದಿಲ್ಲ. ಹೀಗಿರುವಾಗ ಡಿಎನ್ಎಸ್, ಐಪಿ ವಿಳಾಸ, ರೂಟಿಂಗ್ ಈ ಮೂರನ್ನೂ ಸಂಶಯದ ಪಟ್ಟಿಯಿಂದ ತೆಗೆದುಹಾಕಬಹುದು, ಏಕೆಂದರೆ ಅವುಗಳಲ್ಲಿ ಯಾವುದು ಕೆಟ್ಟಿದ್ದರೂ ಲಾಗಿನ್ ಹಂತದವರೆಗೆ ನೀವು ತಲುಪುತ್ತಲೇ ಇರಲಿಲ್ಲ. ನನ್ನ ಸಂಶಯ ಎಂಟಿಯು ಮೇಲೆ, ಅಂದರೆ ಒಂದು ಕೊಂಡಿ ತುಂಡರಿಸದೆ ಸಾಗಿಸಬಲ್ಲ ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ಮೇಲೆ.

ಪಿಂಗ್ ಸರಿಯಾಗಿದೆ ಎಂಬುದು ಇಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ. ವಿಂಡೋಸ್‌ನ ಪಿಂಗ್ ಬೇರೆ ಸೂಚನೆ ಇಲ್ಲದಿದ್ದರೆ 32 ಬೈಟ್ ದತ್ತಾಂಶವನ್ನು, ಲಿನಕ್ಸ್‌ನದು 56 ಬೈಟ್ ದತ್ತಾಂಶವನ್ನು ಕಳುಹಿಸುತ್ತದೆ. ಹೆಡರುಗಳನ್ನು, ಅಂದರೆ ದತ್ತಾಂಶದ ಮುಂದೆ ಸೇರುವ ವಿಳಾಸ ಮೊದಲಾದ ವಿವರಗಳನ್ನು, ಸೇರಿಸಿದರೂ ಪ್ಯಾಕೆಟ್ ನೂರು ಬೈಟನ್ನು ಮುಟ್ಟುವುದಿಲ್ಲ. ಪುಟವೊಂದು ಇಳಿದು ಬರುವಾಗಲಾದರೋ ಸರ್ವರ್ ಸಾಮಾನ್ಯವಾಗಿ 1500 ಬೈಟಿನ ಪ್ಯಾಕೆಟ್‌ಗಳನ್ನೇ ಕಳುಹಿಸುತ್ತದೆ. ಪರೀಕ್ಷೆಯನ್ನು ಆ ಗಾತ್ರದಲ್ಲಿಯೇ ಮಾಡಬೇಕು.

ಈಥರ್ನೆಟ್‌ನ ಎಂಟಿಯು 1500. ಅದರಲ್ಲಿ ಐಪಿ ಹೆಡರಿಗೆ 20, ಐಸಿಎಂಪಿ (ಪಿಂಗ್ ಮತ್ತು ದೋಷದ ಸೂಚನೆಗಳನ್ನು ಸಾಗಿಸುವ ವಿಧಾನ) ಹೆಡರಿಗೆ 8 ಬೈಟ್ ಕಳೆದರೆ ದತ್ತಾಂಶಕ್ಕೆ ಉಳಿಯುವುದು 1472. ವಿಂಡೋಸ್‌ನಲ್ಲಾದರೆ ಪಿಂಗ್ ಆದೇಶಕ್ಕೆ ತುಂಡರಿಸಬಾರದೆಂದು ಹೇಳುವ ‘ಎಫ್’ ಆಯ್ಕೆಯನ್ನೂ ಗಾತ್ರ ಹೇಳುವ ‘ಎಲ್’ ಆಯ್ಕೆಯನ್ನೂ ಕೊಟ್ಟು ಮೊದಲು 1472, ಆಮೇಲೆ 1464 ಪ್ರಯತ್ನಿಸಿ. ಲಿನಕ್ಸ್‌ನಲ್ಲಿ ದೊಡ್ಡಕ್ಷರದ ‘ಎಂ’ ಆಯ್ಕೆಗೆ ‘ಡು’ ಎಂಬ ಮೌಲ್ಯ ಕೊಟ್ಟು, ಗಾತ್ರಕ್ಕೆ ‘ಎಸ್’ ಆಯ್ಕೆಯನ್ನು ಬಳಸಿ. ತುಂಡರಿಸುವುದನ್ನು ತಡೆಯದೆ ಮಾಡಿದ ಪರೀಕ್ಷೆಯಿಂದ ಪ್ರಯೋಜನವಿಲ್ಲ, ಏಕೆಂದರೆ ದಾರಿಯಲ್ಲಿ ರೌಟರುಗಳು ಪ್ಯಾಕೆಟ್ಟನ್ನು ಎರಡಾಗಿ ಮಾಡಿ ದಾಟಿಸಿಬಿಟ್ಟು ತೊಂದರೆಯನ್ನೇ ಮರೆಮಾಚುತ್ತವೆ.

ಉತ್ತರ: ಕೇಬಲ್ ಮೊದಲು

ಎಂಟಿಯು ಇರಬಹುದು, ಆದರೆ ಕೆಳಗಿನ ಪದರವನ್ನು ನೋಡದೆ ಮೇಲಕ್ಕೆ ಹೋಗುವುದು ಸರಿಯಲ್ಲ. ಹೊಸ ರೌಟರ್ ಮತ್ತು ಸ್ವಿಚ್‌ಗಳ ನಡುವೆ ಡ್ಯೂಪ್ಲೆಕ್ಸ್ ಹೊಂದಾಣಿಕೆ ತಪ್ಪಿದ್ದರೂ (ಒಂದು ತುದಿ ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ, ಅಂದರೆ ಫುಲ್, ಇನ್ನೊಂದು ಸರದಿಯ ಮೇಲೆ, ಅಂದರೆ ಹಾಫ್, ನಡೆಸಿದರೂ) ಚಿಕ್ಕ ಪಿಂಗ್ ಸರಿಯಾಗಿ ಬಂದು ಭಾರದ ಕೆಲಸದಲ್ಲಿ ಜಾಲ ಕುಸಿಯುವುದುಂಟು. 100 ಎಂಬಿಪಿಎಸ್ ಪೋರ್ಟಿನ ಒಂದು ತುದಿಯನ್ನು ಕೈಯಾರೆ ಫುಲ್ ಡ್ಯೂಪ್ಲೆಕ್ಸ್ ಎಂದು ಬಿಗಿದು, ಇನ್ನೊಂದು ತುದಿಯನ್ನು ಸ್ವಯಂ ಹೊಂದಾಣಿಕೆಗೆ ಬಿಟ್ಟರೆ, ಆ ಎರಡನೆಯ ತುದಿ ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಸ್ವಿಚ್‌ನ ಪೋರ್ಟ್ ಅಂಕಿಗಳಲ್ಲಿ ಸಿಆರ್‌ಸಿ ದೋಷ (ಕೆಟ್ಟು ಬಂದ ಫ್ರೇಮುಗಳು) ಅಥವಾ ತಡವಾದ ಕೊಲಿಜನ್‌ಗಳ (ಡಿಕ್ಕಿಗಳ) ಎಣಿಕೆ ಏರುತ್ತಿದೆಯೇ ನೋಡಿ.

ಎರಡನ್ನೂ ಬೇರ್ಪಡಿಸುವ ಲಕ್ಷಣ ಒಂದಿದೆ. ಡ್ಯೂಪ್ಲೆಕ್ಸ್ ದೋಷದಲ್ಲಿ ಪ್ಯಾಕೆಟ್‌ಗಳು ಭಾರಕ್ಕೆ ತಕ್ಕಂತೆ ಅಲ್ಲೊಂದು ಇಲ್ಲೊಂದು ಕಳೆದುಹೋಗುತ್ತವೆ, ಜಾಲ ನಿಧಾನವಾಗುತ್ತದೆಯೇ ಹೊರತು ಸಂಪೂರ್ಣ ನಿಲ್ಲುವುದು ಅಪರೂಪ. ಎಂಟಿಯು ದೋಷದಲ್ಲಿ ಒಂದು ಗಾತ್ರದವರೆಗೆ ಎಲ್ಲವೂ ಹೋಗಿ, ಅದರ ಮೇಲೆ ಒಂದೇ ಒಂದು ಬೈಟ್ ಹೆಚ್ಚಾದರೂ ಯಾವುದೂ ಹೋಗುವುದಿಲ್ಲ.

ಮರುಪ್ರಶ್ನೆ: ತಂತಿಜಾಲ

ಇಬ್ಬರಿಗೂ ಧನ್ಯವಾದಗಳು. ಸ್ವಿಚ್ ಪೋರ್ಟ್‌ಗಳಲ್ಲಿ ದೋಷದ ಎಣಿಕೆ ಸೊನ್ನೆ. ಎಲ್ಲವೂ ಗಿಗಾಬಿಟ್, ಎರಡೂ ತುದಿಗಳಲ್ಲಿ ಸ್ವಯಂ ಹೊಂದಾಣಿಕೆ ಇದೆ. ಪಿಂಗ್ ಪರೀಕ್ಷೆಯಲ್ಲಿ 1464ಕ್ಕೆ ಉತ್ತರ ಬರುತ್ತದೆ, 1465ಕ್ಕೆ ಬರುವುದಿಲ್ಲ. ಆದರೆ ಇಲ್ಲೊಂದು ಗೊಂದಲವಿದೆ. 1465 ಕಳುಹಿಸಿದಾಗ ಸಮಯ ಮೀರುವುದಿಲ್ಲ. ಪ್ಯಾಕೆಟ್ಟನ್ನು ತುಂಡರಿಸಬೇಕಾಗಿದೆ ಎಂಬ ಸಂದೇಶ ನಮ್ಮದೇ ರೌಟರಿನ ವಿಳಾಸದಿಂದ ತಕ್ಷಣ ಬರುತ್ತದೆ. ಅಂದರೆ ಗಾತ್ರ ಹೆಚ್ಚಾಯಿತೆಂದು ತಿಳಿಸುವ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದಾಯಿತಲ್ಲವೇ? ಹಾಗಿದ್ದ ಮೇಲೆ ಜಾಲತಾಣ ಏಕೆ ನಿಲ್ಲಬೇಕು?

ಉತ್ತರ: ಪದರಶೋಧಕ

ವ್ಯವಸ್ಥೆ ಕೆಲಸ ಮಾಡುತ್ತಿರುವುದು ಒಂದು ದಿಕ್ಕಿನಲ್ಲಿ ಮಾತ್ರ. ಮೊದಲು ಲೆಕ್ಕ ನೋಡೋಣ: 1464ಕ್ಕೆ 28 ಸೇರಿಸಿದರೆ 1492. ಪಿಪಿಪಿಒಇ ಪ್ರತಿಯೊಂದು ಈಥರ್ನೆಟ್ ಫ್ರೇಮಿನಲ್ಲಿ ತನ್ನ ಹೆಡರಿಗೆ 6, ಪಿಪಿಪಿಯ ಗುರುತಿಗೆ 2, ಒಟ್ಟು 8 ಬೈಟ್ ತೆಗೆದುಕೊಳ್ಳುವುದರಿಂದ ಐಪಿ ಪ್ಯಾಕೆಟ್ಟಿಗೆ ಉಳಿಯುವುದು ನಿಖರವಾಗಿ ಅಷ್ಟೇ. ಆದ್ದರಿಂದ 1492 ದೋಷವಲ್ಲ, ಆ ಸಂಪರ್ಕದ ಸಹಜ ಮಿತಿ. ಸೇವೆ ಒದಗಿಸುವವರು ಲೈನ್ ಸರಿಯಿದೆ ಎಂದದ್ದು ಆ ಮಟ್ಟಿಗೆ ಸುಳ್ಳಲ್ಲ.

ಈಗ ದಿಕ್ಕಿನ ವಿಚಾರ. ನಿಮ್ಮ ಲ್ಯಾಪ್‌ಟಾಪ್ 1500 ಬೈಟಿನ ಪ್ಯಾಕೆಟ್ಟನ್ನು ಹೊರಕ್ಕೆ ಕಳುಹಿಸಿದಾಗ ಇಕ್ಕಟ್ಟಾದ ಕೊಂಡಿಯ ಬಾಯಲ್ಲಿ ನಿಂತಿರುವುದು ನಿಮ್ಮದೇ ರೌಟರ್. ಅದು ಐಸಿಎಂಪಿಯ 3ನೇ ವಿಧ, 4ನೇ ಸಂಕೇತದ ಸಂದೇಶವನ್ನು ಹಿಂದಿರುಗಿಸಿ 1492 ಮೀರಬೇಡ ಎನ್ನುತ್ತದೆ, ಲ್ಯಾಪ್‌ಟಾಪ್ ಅದನ್ನು ಕೇಳಿ ಗಾತ್ರ ತಗ್ಗಿಸುತ್ತದೆ. 1990ರ ಆರ್‌ಎಫ್‌ಸಿ 1191ರಲ್ಲಿ (ಆರ್‌ಎಫ್‌ಸಿ ಎಂದರೆ ಅಂತರಜಾಲದ ವಿಧಾನಗಳನ್ನು ವಿವರಿಸುವ ದಾಖಲೆ) ವಿವರಿಸಿದ ಪಥ ಎಂಟಿಯು ಶೋಧನೆ ಎಂದರೆ ಇದೇ, ಮತ್ತು ನಿಮ್ಮ ಕಡತ ಹೊರಕ್ಕೆ ಹೋಗುತ್ತಿರುವುದು ಇದರಿಂದಲೇ. ಒಳಬರುವ ದಿಕ್ಕಿನಲ್ಲಿ ಅದೇ ಇಕ್ಕಟ್ಟಿನ ಬಾಯಲ್ಲಿ ನಿಂತಿರುವುದು ಸೇವಾದಾರರ ಕಡೆಯ ಪಿಪಿಪಿಒಇ ಉಪಕರಣ. ದೂರದ ಸರ್ವರಿನಿಂದ ಬಂದ 1500 ಬೈಟಿನ ಪ್ಯಾಕೆಟ್ ಅದರಲ್ಲಿ ಹಿಡಿಸುವುದಿಲ್ಲ, ತುಂಡರಿಸಬಾರದೆಂಬ ಗುರುತೂ ಪ್ಯಾಕೆಟ್ಟಿನ ಮೇಲಿರುತ್ತದೆ, ಹಾಗಾಗಿ ಉಪಕರಣ ಅದನ್ನು ಕೈಬಿಟ್ಟು ಸರ್ವರಿಗೆ ಐಸಿಎಂಪಿ ಸಂದೇಶ ಕಳುಹಿಸಬೇಕು. ಆ ಸಂದೇಶ ಹೊರಡದಿದ್ದರೆ, ಅಥವಾ ಐಸಿಎಂಪಿ ಎಂದರೆ ಅಪಾಯವೆಂದು ಭಾವಿಸಿದ ಯಾರೋ ಸರ್ವರಿನ ಮುಂದಿನ ಫೈರ್‌ವಾಲಿನಲ್ಲಿ ಅದನ್ನು ಪೂರ್ತಿ ತಡೆದಿದ್ದರೆ, ಸರ್ವರಿಗೆ ಏನೂ ತಿಳಿಯುವುದಿಲ್ಲ. ಉತ್ತರ ಬರಲಿಲ್ಲವೆಂದು ಅದು ಅದೇ ಗಾತ್ರದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳುಹಿಸುತ್ತಿರುತ್ತದೆ, ಅದು ಪ್ರತಿ ಸಲವೂ ಅದೇ ಜಾಗದಲ್ಲಿ ಮಾಯವಾಗುತ್ತದೆ. ಜಾಲ ನಿರ್ವಾಹಕರು ಬ್ಲ್ಯಾಕ್‌ಹೋಲ್ ಎನ್ನುವುದು ಇದನ್ನೇ.

ಎಚ್‌ಟಿಟಿಪಿಎಸ್ ತಾಣಗಳು ಮೊದಲ ಹೆಜ್ಜೆಯಲ್ಲೇ ನಿಲ್ಲುವುದಕ್ಕೂ ಇದೇ ಕಾರಣ. ದತ್ತಾಂಶ ತಪ್ಪದೆ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಸಂಪರ್ಕ ಏರ್ಪಡುವ ಪ್ಯಾಕೆಟ್‌ಗಳು ಚಿಕ್ಕವು, ದಾಟಿಹೋಗುತ್ತವೆ. ಬಳಿಕ ಸರ್ವರ್ ತನ್ನ ಪ್ರಮಾಣಪತ್ರಗಳನ್ನು ಕಳುಹಿಸತೊಡಗಿದಾಗ ಪೂರ್ಣಗಾತ್ರದ ಪ್ಯಾಕೆಟ್‌ಗಳು ಹೊರಡುತ್ತವೆ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ನೋಡಿದರೆ ದೊಡ್ಡ ಪ್ಯಾಕೆಟ್‌ಗಳು ಕಾಣೆಯಾಗಿ, ಆ ಸರಣಿಯ ಬಾಲದಲ್ಲಿದ್ದ ಚಿಕ್ಕದೊಂದು ಮಾತ್ರ ತಲುಪಿರುವುದೂ, ನಡುವಿನದು ಬಂದಿಲ್ಲವೆಂದು ನಿಮ್ಮ ಲ್ಯಾಪ್‌ಟಾಪ್ ಸರ್ವರಿಗೆ ತಿಳಿಸುತ್ತಿರುವುದೂ ಕಾಣಬಹುದು. ದೊಡ್ಡ ತಾಣಗಳು ತೆರೆಯುತ್ತಿರುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಅವುಗಳ ಸರ್ವರುಗಳು ಮೊದಲೇ ಚಿಕ್ಕ ಗಾತ್ರಕ್ಕೆ ಹೊಂದಿಕೊಂಡಿರಬಹುದು ಅಥವಾ ಐಸಿಎಂಪಿಯನ್ನು ಕೇಳುತ್ತಿರಬಹುದು. ಎರಡು, ಅವುಗಳಲ್ಲಿ ಬಹಳಷ್ಟು ಈಗ ಟಿಸಿಪಿಯ ಬದಲು ಯುಡಿಪಿ ಎಂಬ ಸರಳ ಸಾಗಣೆ ವಿಧಾನದ ಮೇಲೆ ನಡೆಯುವ ಕ್ವಿಕ್ ಬಳಸುತ್ತವೆ. 2021ರ ಆರ್‌ಎಫ್‌ಸಿ 9000ದ ಪ್ರಕಾರ ಕ್ವಿಕ್ ಯುಡಿಪಿಯಲ್ಲಿ 1200 ಬೈಟಿನ ದತ್ತಾಂಶ ದಾಟಿದರೆ ಸಾಕು. ಅದಕ್ಕಿಂತ ದೊಡ್ಡದನ್ನು ದಾರಿ ತಾಳುತ್ತದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕಳುಹಿಸುತ್ತದೆ.

ಖಚಿತಪಡಿಸಿಕೊಳ್ಳಲು ಲ್ಯಾಪ್‌ಟಾಪಿನ ನೆಟ್‌ವರ್ಕ್ ಕಾರ್ಡಿನ ಎಂಟಿಯು ಮೌಲ್ಯವನ್ನು ತಾತ್ಕಾಲಿಕವಾಗಿ 1492ಕ್ಕೆ ಇಳಿಸಿ. ಟಿಸಿಪಿ ಸಂಪರ್ಕ ಆರಂಭಿಸುವಾಗ ಪ್ರತಿ ತುದಿಯೂ ತಾನು ಸ್ವೀಕರಿಸಬಲ್ಲ ಗರಿಷ್ಠ ತುಣುಕಿನ ಗಾತ್ರವನ್ನು, ಅಂದರೆ ಎಂಎಸ್‌ಎಸ್ ಅನ್ನು ಘೋಷಿಸುತ್ತದೆ. ಎಂಟಿಯು 1500 ಇದ್ದಾಗ ಐಪಿ ಮತ್ತು ಟಿಸಿಪಿ ಹೆಡರುಗಳಿಗೆ ತಲಾ 20 ಕಳೆದು 1460 ಎಂದು ಹೇಳುತ್ತಿದ್ದ ಲ್ಯಾಪ್‌ಟಾಪ್ ಈಗ 1452 ಎನ್ನುತ್ತದೆ, ಸರ್ವರ್ ಅದಕ್ಕಿಂತ ದೊಡ್ಡದನ್ನು ಕಳುಹಿಸುವುದಿಲ್ಲ. ತೆರೆಯದಿದ್ದ ತಾಣಗಳು ತಕ್ಷಣ ತೆರೆದುಕೊಂಡರೆ ರೋಗನಿರ್ಣಯ ಮುಗಿದಂತೆ.

ಆದರೆ ಕಚೇರಿಯ ಪ್ರತಿಯೊಂದು ಯಂತ್ರದಲ್ಲೂ ಹೀಗೆ ಮಾಡಲು ಹೋಗಬೇಡಿ. ಹೊಸ ರೌಟರಿನ ಸಂಯೋಜನೆಯಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂಬ ಆಯ್ಕೆಯನ್ನು ಹುಡುಕಿ ಚಾಲೂ ಮಾಡಿ. ಹಾದುಹೋಗುವ ಪ್ರತಿಯೊಂದು ಟಿಸಿಪಿ ಸಂಪರ್ಕದ ಆರಂಭದ ಪ್ಯಾಕೆಟ್ಟಿನಲ್ಲಿ ರೌಟರೇ 1460 ಎಂಬುದನ್ನು 1452 ಎಂದು ತಿದ್ದುತ್ತದೆ. ಹಳೆಯ ರೌಟರ್ ಬಹುಶಃ ಇದನ್ನು ಸದ್ದಿಲ್ಲದೆ ಮಾಡುತ್ತಿತ್ತು. ಅದಿರುವಾಗ ತೊಂದರೆ ಕಾಣದಿದ್ದುದಕ್ಕೆ ಬೇರೆ ವಿವರಣೆ ನನಗೆ ತೋಚುವುದಿಲ್ಲ.

ಮರುಪ್ರಶ್ನೆ: ತಂತಿಜಾಲ

1492ಕ್ಕೆ ಇಳಿಸಿದೊಡನೆ ಎಲ್ಲ ತಾಣಗಳೂ ತೆರೆದವು, ಎಸ್ಎಸ್ಎಚ್ ಕೂಡ ಹೆಪ್ಪುಗಟ್ಟಲಿಲ್ಲ. ರೌಟರಿನಲ್ಲಿ ಆ ಆಯ್ಕೆ ಇತ್ತು, ಆಫ್ ಆಗಿತ್ತು. ಅದನ್ನು ಚಾಲೂ ಮಾಡಿ ಲ್ಯಾಪ್‌ಟಾಪನ್ನು 1500ಕ್ಕೆ ಮರಳಿಸಿದ ಮೇಲೂ ಎಲ್ಲವೂ ಸರಿಯಾಗಿ ನಡೆಯುತ್ತಿದೆ. ಇನ್ನೇನಾದರೂ ಗಮನಿಸಬೇಕಾದದ್ದು ಇದೆಯೇ?

ಉತ್ತರ: ಆರನೇ ಆವೃತ್ತಿ

ಎರಡು ವಿಷಯಗಳಿವೆ. ನಿಮ್ಮ ಸಂಪರ್ಕದಲ್ಲಿ ಐಪಿಯ ಹೊಸ ಆವೃತ್ತಿಯಾದ ಐಪಿವಿ6 ಇದ್ದರೆ ಕ್ಲ್ಯಾಂಪಿಂಗ್ ಅದಕ್ಕೂ ಅನ್ವಯಿಸುತ್ತಿದೆಯೇ ಎಂದು ಪ್ರತ್ಯೇಕವಾಗಿ ನೋಡಿ. ಕೆಲವು ರೌಟರುಗಳಲ್ಲಿ ಎರಡಕ್ಕೂ ಬೇರೆ ಬೇರೆ ನಿಯಮ ಬರೆಯಬೇಕಾಗುತ್ತದೆ. ಐಪಿವಿ6 ಹೆಡರ್ 40 ಬೈಟ್ ಇರುವುದರಿಂದ ಅಲ್ಲಿ ಬರಬೇಕಾದ ಎಂಎಸ್‌ಎಸ್ 1432. ಜೊತೆಗೆ ಐಪಿವಿ6ನಲ್ಲಿ ದಾರಿಯ ರೌಟರುಗಳು ಪ್ಯಾಕೆಟ್ಟನ್ನು ತುಂಡರಿಸುವುದೇ ಇಲ್ಲ, ಗಾತ್ರ ಹೆಚ್ಚಾಯಿತೆಂಬ ಸಂದೇಶವೊಂದೇ ಆಧಾರ. ಆದ್ದರಿಂದ ನಿಮ್ಮ ಫೈರ್‌ವಾಲಿನಲ್ಲಿ ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯುವ ನಿಯಮವಿದ್ದರೆ ತೆಗೆದುಹಾಕಿ. ಪಿಂಗ್ ಬೇಡವೆನಿಸಿದರೆ ಪಿಂಗನ್ನು ಮಾತ್ರ ತಡೆಯಿರಿ.

ಇನ್ನೊಂದು, ಕ್ಲ್ಯಾಂಪಿಂಗ್ ಟಿಸಿಪಿಯನ್ನು ಮಾತ್ರ ಕಾಪಾಡುತ್ತದೆ, ಯುಡಿಪಿಗೆ ಅದರಿಂದ ಉಪಯೋಗವಿಲ್ಲ. ಮುಂದೆ ಈ ಸಂಪರ್ಕದ ಮೇಲೆ ವಿಪಿಎನ್ (ಅಂತರಜಾಲದೊಳಗೆ ಖಾಸಗಿ ಸುರಂಗ) ಹಾಕುವುದಾದರೆ ಸುರಂಗದ ಎಂಟಿಯು ಮೌಲ್ಯವನ್ನು 1500ರಿಂದಲ್ಲ, 1492ರಿಂದ ಲೆಕ್ಕ ಹಾಕಿ. ಉದಾಹರಣೆಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಐಪಿವಿ6 ಮೇಲೆ ಸಾಗುವಾಗ 80 ಬೈಟ್ ಹೆಚ್ಚುವರಿ ಹೆಡರ್ ಸೇರಿಸುತ್ತದೆ. ಸಾಮಾನ್ಯವಾಗಿ ಅದು ಇಟ್ಟುಕೊಳ್ಳುವ 1420 ಎಂಬ ಮೌಲ್ಯ 1500ರ ಲೆಕ್ಕದ್ದು. ನಿಮಗೆ ಅದು 1412 ಆಗಬೇಕು. 2006ರ ಆರ್‌ಎಫ್‌ಸಿ 4638ರ ಪ್ರಕಾರ ಪಿಪಿಪಿಒಇ ಮೇಲೂ ಪೂರ್ಣ 1500 ಸಾಗಿಸಲು ದಾರಿಯಿದೆ, ಆದರೆ ಅದಕ್ಕೆ ಸೇವಾದಾರರ ಉಪಕರಣ, ನಡುವಿನ ಮೋಡೆಮ್ ಮತ್ತು ನಿಮ್ಮ ರೌಟರ್ ಮೂರೂ 1508 ಬೈಟನ್ನು ಒಪ್ಪಬೇಕಾಗುತ್ತದೆ. ವಿಪಿಎನ್ ಹಾಕುವ ಯೋಚನೆಯಿದ್ದರೆ ಅವರನ್ನು ಒಮ್ಮೆ ಕೇಳಿ ನೋಡಬಹುದು.