1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ವಿರುದ್ಧದ ಮಹಾಮೈತ್ರಿಕೂಟ ಅಷ್ಟು ಹೀನಾಯವಾಗಿ ಸೋತದ್ದೇಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ತಾತ ಚಿತ್ರದುರ್ಗದ ಕಡೆಯವರು. ನಿಜಲಿಂಗಪ್ಪನವರೆಂದರೆ ಪ್ರಾಣ, ಸಂಸ್ಥಾ ಕಾಂಗ್ರೆಸ್ಸಿಗಾಗಿ ಊರೂರು ತಿರುಗಿದವರು. "ಎಲ್ಲರೂ ಒಂದಾಗಿದ್ದೆವು ಕಣಪ್ಪಾ, ಆದರೂ ಇಂದಿರಮ್ಮನ ಎದುರು ಕೊಚ್ಚಿಹೋದೆವು" ಅನ್ನುತ್ತಿದ್ದರು. ವಿರೋಧಿಗಳು ಒಟ್ಟಾದರೆ ಮತ ಒಡೆಯಬಾರದಲ್ಲವೇ?

ಉತ್ತರ (ರಾಜ್ಯಶಾಸ್ತ್ರ ಅಧ್ಯಾಪಕಿ): ತಾತ ಹೇಳಿದ್ದು ನಿಜ. ಸಂಸ್ಥಾ ಕಾಂಗ್ರೆಸ್, ಜನಸಂಘ, ಸ್ವತಂತ್ರ ಪಕ್ಷ, ಜೊತೆಗೆ ಸಂಯುಕ್ತ ಸಮಾಜವಾದಿಗಳು ಈ ಕೂಟದಲ್ಲಿ ಸೇರಿದ್ದರು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು. 1967ರಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ನೂರಕ್ಕೆ ಸುಮಾರು 41 ಮತ. 1969ರಲ್ಲಿ ಆ ಪಕ್ಷವೂ ಎರಡು ಹೋಳಾಯಿತು: ಒಂದು ಇಂದಿರಾ ಅವರದ್ದು, ಇನ್ನೊಂದು ನಿಜಲಿಂಗಪ್ಪನವರಿದ್ದ ಸಂಸ್ಥಾ ಕಾಂಗ್ರೆಸ್. ಆ ಒಡಕು ಬಯಲಿಗೆ ಬಂದದ್ದು ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯ ಅಧಿವೇಶನದಲ್ಲೇ.

ಆದರೆ ಮತದಾರ ಕಳೆದ ಚುನಾವಣೆಯ ಜಾಗದಲ್ಲೇ ನಿಂತಿರಲಿಲ್ಲ. ಬ್ಯಾಂಕ್ ರಾಷ್ಟ್ರೀಕರಣ ಆಗಿತ್ತು. ರಾಜಧನ, ಅಂದರೆ ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ಹಣ, ಅದರ ರದ್ದತಿಗೆ ಇಂದಿರಾ ಸರ್ಕಾರ ತಂದ ಮಸೂದೆ ರಾಜ್ಯಸಭೆಯಲ್ಲಿ ಬಿತ್ತು, ಆಮೇಲೆ ಅರಸರ ಮಾನ್ಯತೆ ತೆಗೆದ ರಾಷ್ಟ್ರಪತಿಯ ಆದೇಶವನ್ನು ಸುಪ್ರೀಂ ಕೋರ್ಟ್ 1970ರ ಡಿಸೆಂಬರ್ 15ರಂದು ತಳ್ಳಿಹಾಕಿತು. ಹನ್ನೆರಡೇ ದಿನಕ್ಕೆ ಲೋಕಸಭೆ ವಿಸರ್ಜನೆ. ಸ್ವತಂತ್ರ ಪಕ್ಷದಲ್ಲಿ ಮಾಜಿ ಅರಸರು ಬಹಳ. ಹಾಗಾಗಿ ಕೂಟದವರೆಲ್ಲ ರಾಜರ, ಧಣಿಗಳ ಪರ ಎಂದು ಹಳ್ಳಿಯವರಿಗೆ ಹೇಳುವುದು ಇಂದಿರಾ ಅವರಿಗೆ ಸಲೀಸಾಯಿತು. ಇವರು "ಇಂದಿರಾ ಹಟಾವೋ" (ಇಂದಿರಾರನ್ನು ತೊಲಗಿಸಿ) ಅಂದರು, ಆಕೆ "ಗರೀಬಿ ಹಟಾವೋ" (ಬಡತನ ತೊಲಗಿಸಿ) ಅಂದರು. ಒಬ್ಬ ಕೂಲಿಕಾರನಿಗೆ ಯಾವ ಮಾತು ತಟ್ಟೀತು, ನೀವೇ ಯೋಚಿಸಿ. ನನ್ನ ಮಟ್ಟಿಗೆ ಸೋಲಿನ ಬೇರು ಇಲ್ಲೇ ಇದೆ, ಸೀಟು ಹಂಚಿಕೆಯಲ್ಲಲ್ಲ.

ಫಲಿತಾಂಶ: ಇಂದಿರಾ ಪಕ್ಷಕ್ಕೆ 352 ಸ್ಥಾನ. ಜನಸಂಘಕ್ಕೆ 22, ಸಂಸ್ಥಾ ಕಾಂಗ್ರೆಸ್ಸಿಗೆ 16 (ಅದರಲ್ಲಿ 11 ಗುಜರಾತಿನವು), ಸ್ವತಂತ್ರ ಪಕ್ಷಕ್ಕೆ 8, ಸಮಾಜವಾದಿಗಳಿಗೆ 3. ನಾಲ್ವರ ಮತ ಕೂಡಿಸಿದರೂ ನೂರಕ್ಕೆ 23 ದಾಟಿ ಸ್ವಲ್ಪ, ಆಕೆಗೆ ಹತ್ತಿರ ಹತ್ತಿರ 44. ಒಂದು ಮತವೂ ಒಡೆಯದಿದ್ದರೂ ಗೆಲ್ಲುತ್ತಿರಲಿಲ್ಲ.

ಪ್ರಶ್ನೆ: ಆಗ ಮೈಸೂರು ರಾಜ್ಯದಲ್ಲಿ ವೀರೇಂದ್ರ ಪಾಟೀಲರದ್ದೇ ಸರ್ಕಾರ ಅಲ್ಲವೇ ಮೇಡಂ?

ಉತ್ತರ: ಹೌದು, ಸಂಸ್ಥಾ ಕಾಂಗ್ರೆಸ್ಸಿನದ್ದೇ. ಆದರೂ 27ಕ್ಕೆ 27 ಸ್ಥಾನ ಇಂದಿರಾ ಪಾಲು! ಹೆಚ್ಚಿನ ರಾಜ್ಯಗಳಂತೆ ಇಲ್ಲೂ ಆ ಸಲ ವಿಧಾನಸಭಾ ಚುನಾವಣೆ ಜೊತೆಯಲ್ಲಿರಲಿಲ್ಲ. ಶಾಸಕರ, ಊರ ಪಟೇಲರ ಹಿಡಿತ ಸಡಿಲವಾಗಿ, ಜನ ದೆಹಲಿಯ ಮುಖ ನೋಡಿಯೇ ಮುದ್ರೆ ಒತ್ತಿದರು. ಅದೇ ಮಾರ್ಚಿನಲ್ಲಿ ಪಾಟೀಲರ ಸರ್ಕಾರವೂ ಬಿತ್ತು.

ಇನ್ನೊಬ್ಬರ ಪ್ರಶ್ನೆ: ಸಮಾಜವಾದಿ ನಾಯಕ ಲೋಹಿಯಾ ಅವರ ಅನುಯಾಯಿಗಳು ಜನಸಂಘದ ಪಕ್ಕ ಕೂತದ್ದು ಹೇಗೆ?

ಉತ್ತರ: ಕಾಂಗ್ರೆಸ್ಸನ್ನು ಮೊದಲು ಇಳಿಸಬೇಕು ಎಂಬುದು ಲೋಹಿಯಾ ಅವರದ್ದೇ ಪಾಠ. 1967ರ ನಂತರ ಉತ್ತರದ ರಾಜ್ಯಗಳಲ್ಲಿ ಇಬ್ಬರೂ ಒಟ್ಟಿಗೆ ಸರ್ಕಾರ ನಡೆಸಿದ್ದರು. ಈ ಸಮಾಜವಾದಿಗಳಲ್ಲೊಬ್ಬರಾದ ರಾಜ್ ನಾರಾಯಣ್ ರಾಯ್‌ಬರೇಲಿಯಲ್ಲಿ ಇಂದಿರಾ ಎದುರು ಲಕ್ಷಕ್ಕೂ ಮೀರಿದ ಅಂತರದಲ್ಲಿ ಸೋತು ಕೋರ್ಟಿಗೆ ಹೋದರು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಆ ಗೆಲುವನ್ನು ಅಸಿಂಧುಗೊಳಿಸಿತು. ಅದೇ ತಿಂಗಳು ತುರ್ತು ಪರಿಸ್ಥಿತಿ. ಕೂಟ ಚುನಾವಣೆ ಮುಗಿದೊಡನೆ ಚದುರಿತು, ಸ್ವತಂತ್ರ ಪಕ್ಷ 1974ರಲ್ಲಿ ಚರಣ್ ಸಿಂಗರ ಹೊಸ ಪಕ್ಷದೊಳಗೆ ಕರಗಿತು.

ಮೊದಲು ಕೇಳಿದವರಿಗೆ ಒಂದು ಮಾತು: ತಾತನ ಪೆಟ್ಟಿಗೆಯಲ್ಲಿ ಚರಕ ತಿರುಗಿಸುವ ಹೆಂಗಸಿನ ಗುರುತಿನ (ಅದು ಸಂಸ್ಥಾ ಕಾಂಗ್ರೆಸ್ಸಿನ ಚಿಹ್ನೆ) ಕರಪತ್ರ ಸಿಕ್ಕರೆ ದಯವಿಟ್ಟು ಎಸೆಯಬೇಡಿ, ಫೋಟೊ ತೆಗೆದು ಇಲ್ಲಿ ಹಾಕಿ.