ಮ್ಯೂನಿಕ್ ಬ್ಯಾಂಡ್‌ನ ರೆಕಾರ್ಡ್‌ನಲ್ಲಿ ನಮ್ಮ ಮೃದಂಗ! ಎಂಬ್ರಿಯೋ ಬಗ್ಗೆ ಹೇಳ್ತೀರಾ?

ಪ್ರಶ್ನೆ – ಮ್ಯೂನಿಕ್ ಮೃದಂಗ:
ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷದಿಂದ ಮ್ಯೂನಿಕ್‌ನಲ್ಲಿದ್ದೇನೆ. ಚಿಕ್ಕವನಿದ್ದಾಗ ತುಮಕೂರಿನಲ್ಲಿ ಆರು ವರ್ಷ ಮೃದಂಗ ಕಲಿತಿದ್ದೆ. ಹೋದ ಶನಿವಾರ ಇಲ್ಲಿನ ಹಳೇ ರೆಕಾರ್ಡ್ ಅಂಗಡಿಯಲ್ಲಿ ‘ಲೈಫ್’ ಅನ್ನುವ ಆಲ್ಬಮ್ ಕಣ್ಣಿಗೆ ಬಿತ್ತು. ಎಂಬ್ರಿಯೋ ಅನ್ನುವ ಬ್ಯಾಂಡ್‌ನದು. ಪಕ್ಕದಲ್ಲೇ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಅಂತ ಇದೆ! ಅಂಗಡಿಯವರು ಹಾಕಿ ಕೇಳಿಸಿದರು. ಕೈ ತಾನಾಗಿಯೇ ತೊಡೆ ಮೇಲೆ ತಾಳ ಹಾಕತೊಡಗಿತು. ಇವರು ಯಾರು? ಬೆಂಗಳೂರಿನ ಈ ತಾಳವಾದ್ಯ ಕಾಲೇಜಿನವರ ಜೊತೆ ಹೇಗೆ ಸೇರಿದರು? ರಾಕ್ ಸಂಗೀತ ನನಗೆ ಅಷ್ಟಾಗಿ ಗೊತ್ತಿಲ್ಲ. ಮುಂದೆ ಯಾವುದು ಕೇಳಲಿ?

ಉತ್ತರ – ಬಸವನಗುಡಿ ಕೇಳುಗ:
ನೀವಿರುವ ಊರಿನದೇ ಬ್ಯಾಂಡ್ ಅದು. 1969ರಲ್ಲಿ ಶುರುವಾಯಿತು. ಕಟ್ಟಿದವರು ಕ್ರಿಶ್ಚಿಯನ್ ಬುರ್ಖಾರ್ಡ್. ಡ್ರಮ್ಸ್, ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ಎರಡೂ ನುಡಿಸುತ್ತಿದ್ದರು. 1978ರಲ್ಲಿ ಇವರು ಬಸ್ಸಿನಲ್ಲಿ ಭಾರತಕ್ಕೆ ಹೊರಟರು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ರಸ್ತೆಯಲ್ಲೇ ಬಂದರು! ದಾರಿಯುದ್ದಕ್ಕೂ ಅಲ್ಲಲ್ಲಿನ ಕಲಾವಿದರ ಜೊತೆ ಕೂತು ನುಡಿಸಿದರು. ಆ ಪ್ರಯಾಣದ ಸಂಗೀತ ‘ಎಂಬ್ರಿಯೋಸ್ ರೈಸೆ’ ಆಲ್ಬಮ್‌ನಲ್ಲಿದೆ. ಅದನ್ನು ಬಿಡಬೇಡಿ.

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದವರು ಮೃದಂಗದ ಟಿ.ಎ.ಎಸ್. ಮಣಿ, 1964ರಲ್ಲಿ. ಹಾಡುವವರು ಅವರ ಪತ್ನಿ ಆರ್.ಎ. ರಮಾಮಣಿ. ನನಗೆ ‘ಲೈಫ್’ ಇಷ್ಟವಾಗುವುದಕ್ಕೆ ಕಾರಣ ಇದೆ. ಆ ಕಾಲದ ಎಷ್ಟೋ ರಾಕ್ ಬ್ಯಾಂಡ್‌ಗಳು ಸಿತಾರ್, ತಬಲಾವನ್ನು ಒಗ್ಗರಣೆಯ ಹಾಗೆ ಬಳಸಿದವು. ಇಲ್ಲಿ ಹಾಗಲ್ಲ. ಮೃದಂಗ ಹಿಂದೆ ಕೂತಿಲ್ಲ, ನಡೆಸುವವರ ಸಾಲಿನಲ್ಲೇ ಇದೆ. ನೀವು ಮೃದಂಗ ಕಲಿತವರು. ಒಂದು ಸಲ ಗಿಟಾರ್ ಮರೆತು ಬರೀ ತಾಳ ಹಿಡಿದು ಕೇಳಿ. ಆಮೇಲೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಉತ್ತರ – ಜಾಝ್ ಹುಚ್ಚು:
1973ರ ‘ವಿ ಕೀಪ್ ಆನ್’ ಸೇರಿಸಿಕೊಳ್ಳಿ. ಅದರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಇದ್ದಾರೆ. ಅವರು ನಾಗಸ್ವರವನ್ನೂ ಕಲಿತವರು. ಮುಂದೆ ಮಣಿ ಅವರ ತಂಡದ ಜೊತೆ 1983ರಲ್ಲಿ ‘ಜ್ಯೋತಿ’ ಮಾಡಿದರು. ಅದು ಎಂಬ್ರಿಯೋ ಆಲ್ಬಮ್ ಅಲ್ಲ, ಆದರೂ ಕೇಳಲೇಬೇಕು. ರಮಾಮಣಿ ಅವರ ದನಿ, ಸ್ಯಾಕ್ಸೊಫೋನ್, ಮೃದಂಗ, ಘಟ, ಕಂಜಿರ. ರಾತ್ರಿ ದೀಪ ಆರಿಸಿ ಕೇಳಿ.

ಉತ್ತರ – ಬಸವನಗುಡಿ ಕೇಳುಗ:
ಹೇಳಲು ಮರೆತೆ. ಬುರ್ಖಾರ್ಡ್ 2018ರಲ್ಲಿ ತೀರಿಕೊಂಡರು. ಈಗ ಬ್ಯಾಂಡ್ ನಡೆಸುತ್ತಿರುವುದು ಅವರ ಮಗಳು ಮಾರ್ಯಾ. 2021ರಲ್ಲಿ ‘ಔಫ್ ಔಫ್’ ಅನ್ನುವ ಆಲ್ಬಮ್ ತಂದರು. ನೀವು ಅಲ್ಲೇ ಇದ್ದೀರಿ, ಕಛೇರಿ ಇದ್ದರೆ ತಪ್ಪಿಸಬೇಡಿ.

ಮ್ಯೂನಿಕ್ ಮೃದಂಗ:
ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ನಿನ್ನೆ ನೀವು ಹೇಳಿದ ಹಾಗೆ ತಾಳ ಹಾಕುತ್ತಾ ಮತ್ತೆ ಕೇಳಿದೆ. ಎರಡು ಕಡೆ ತಪ್ಪಿದೆ, ಮೂರನೇ ಸಲ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದೆ. ಅಮ್ಮನಿಗೆ ಫೋನ್ ಮಾಡಿ ಅಟ್ಟದ ಮೇಲಿನ ಮೃದಂಗ ಕೆಳಗೆ ಇಳಿಸಲು ಹೇಳಿದ್ದೇನೆ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಹೊಸ ಮುಚ್ಚಿಗೆ ಹಾಕಿಸಬೇಕು.